ಬೆರಳಿನ ಕೆಲಸವೂ ಕುಶಲ ಕೆಲಸವೇ
(ಮೇ 1, ಶ್ರಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಜಗದ್ಗುರು ಹನ್ನೆರಡನೇ ಪಯಸ್‌ರವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ಈ ದಿನ ನಾವು ಸಂತ ಜೋಸೆಫರ ಉಳಿ, ಸುತ್ತಿಗೆಗಳನ್ನು ನೆನೆಯುತ್ತೇವೆ. ಆ ಮನೆಯಲ್ಲಿ ಮಾತೆ ಮರಿಯಮ್ಮನವರ ಕೈಗಳೂ ದುಡಿದವು. ಅದನ್ನು ನಾವು ಸೇವೆ ಎಂದೆವು, ಕೆಲಸ ಎನ್ನಲಿಲ್ಲ.

ಪೀಣ್ಯ, ಜಾಲಹಳ್ಳಿಯ ಹಿರಿಯರಿಗೆ ಎಚ್‌ಎಂಟಿ ನೆನಪಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಗಡಿಯಾರ ಕಾರ್ಖಾನೆ ಬಂತು. ಚಿಮಟದಲ್ಲಿ ಪುಟ್ಟ ಬಿಡಿಭಾಗಗಳನ್ನು ಹಿಡಿದು ಗಡಿಯಾರ ಜೋಡಿಸಲು ಅನೇಕ ಹೆಣ್ಣುಮಕ್ಕಳು ಕುಳಿತರು. ನಾಡಿನ ಮುಂಗೈಗೆ ಗಡಿಯಾರ ಕಟ್ಟಿದವರು ಅವರು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು.

ಇಂದು ಬೆಂಗಳೂರಿನ ಸುತ್ತಲೂ ಮೊಬೈಲ್ ಫೋನ್, ಸರ್ಕ್ಯೂಟ್ ಬೋರ್ಡ್ ಜೋಡಿಸುವ ಸಾಲುಗಳಲ್ಲಿ ನಮ್ಮ ಹೆಣ್ಣುಮಕ್ಕಳು ಕುಳಿತಿದ್ದಾರೆ. ‘ಹೆಣ್ಣಿನ ಬೆರಳು ನಯ, ತಾಳ್ಮೆ ಹೆಚ್ಚು’ ಎಂದು ಹೊಗಳುತ್ತೇವೆ. ಆ ಹೊಗಳಿಕೆಯಲ್ಲೇ ಅನ್ಯಾಯ ಅಡಗಿದೆ. ಗಂಡು ಕಲಿತದ್ದು ಕುಶಲತೆ, ಹೆಣ್ಣು ಕಲಿತದ್ದು ಹುಟ್ಟುಗುಣ! ಕುಶಲತೆಗೆ ಸಂಬಳ ಏರುತ್ತದೆ. ಹುಟ್ಟುಗುಣಕ್ಕೆ ಯಾರು ಏರಿಸುತ್ತಾರೆ? ಯಂತ್ರದ ದುರಸ್ತಿ, ಮೇಲ್ವಿಚಾರಣೆ ಅವನ ಪಾಲಿಗೆ. ವರ್ಷಗಟ್ಟಲೆ ಅದೇ ಕುರ್ಚಿ ಅವಳ ಪಾಲಿಗೆ.

1976ರ ಸಮಾನ ವೇತನ ಕಾಯಿದೆ ಒಂದೇ ಕೆಲಸಕ್ಕೆ ಒಂದೇ ವೇತನ ಎಂದಿತು; 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಕೆಲಸವನ್ನೇ ಬೇರೆ ಬೇರೆಯಾಗಿ ಹಂಚಿದರೆ ಕಾನೂನು ಏನು ಮಾಡೀತು? 1948ರ ಕಾರ್ಖಾನೆ ಕಾಯಿದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರ ದುಡಿಮೆಯನ್ನು ತಡೆದಿತ್ತು. ಕರ್ನಾಟಕದ 2023ರ ತಿದ್ದುಪಡಿ ರಕ್ಷಣೆಯ ಷರತ್ತುಗಳೊಡನೆ ಅದಕ್ಕೆ ಅವಕಾಶ ಕೊಟ್ಟಿತು. ಒಂದು ಬಾಗಿಲು ತೆರೆಯಿತು, ಸಂತೋಷ. ಆದರೆ ರಾತ್ರಿ ಪಾಳಿ ಮುಗಿಸಿ ಬಂದವಳಿಗಾಗಿ ಮನೆಯಲ್ಲಿ ತೊಳೆಯದ ಪಾತ್ರೆ ಕಾದಿದ್ದರೆ ಅವಳಿಗೆ ಮತ್ತೊಂದು ಪಾಳಿ ಶುರುವಾದಂತೆಯೇ.

ದ್ರಾಕ್ಷಿತೋಟದ ಸಾಮತಿಯನ್ನು ನೆನೆಯೋಣ. ಸಂಜೆಯವರೆಗೂ ಸುಮ್ಮನೆ ನಿಂತವರನ್ನು ಒಡೆಯ ಏಕೆಂದು ಕೇಳಿದ. ಅವರನ್ನು ಯಾರೂ ಕೆಲಸಕ್ಕೆ ಕರೆದೇ ಇರಲಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳನ್ನೂ ಮೇಲಿನ ಕೆಲಸಕ್ಕೆ ಯಾರೂ ಕರೆದಿಲ್ಲ.

ಕಾರ್ಖಾನೆ ನಮ್ಮ ಕೈಯಲ್ಲಿಲ್ಲ ಎನ್ನಬೇಡಿ. ನಮ್ಮಲ್ಲೇ ಮೇಲ್ವಿಚಾರಕರಿದ್ದಾರೆ, ಯಂತ್ರದ ಕೆಲಸ ಕಲಿಸುವಾಗ ತಂಗಿಯನ್ನೂ ಕರೆಯಿರಿ. ಮಗನಂತೆ ಮಗಳನ್ನೂ ಐಟಿಐಗೆ ಸೇರಿಸಿರಿ. ಗಂಡಸರೇ, ಹೆಂಡತಿ ಪಾಳಿ ಮುಗಿಸಿ ಬಂದ ದಿನ ಅನ್ನಕ್ಕೆ ನೀವು ಎಸರಿಡಿ. ಜೋಸೆಫರ ಕೈಗಳನ್ನು ಗೌರವಿಸುವ ನಾವು ಮರಿಯಮ್ಮನವರ ಕೈಗಳಿಗೂ ಅದೇ ಬೆಲೆ ಕೊಡೋಣ.

ಶ್ರಮಿಕ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.