ಕಾಲೇಜಿನ ಅಂಕ ಎಲ್ಲಿಯವರೆಗೆ?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಎಸ್.ಎಸ್.ಎಲ್.ಸಿ. ಕಾಲೇಜಿನ ಮೆಟ್ಟಿಲು ಹತ್ತಿದ್ದು ಮಗನ ಫೀಜು ಕಟ್ಟೋಕೆ ಮಾತ್ರ. ಆದರೂ ಅಧ್ಯಕ್ಷರು "ಈ ವಿಷಯ ನೀನೇ ಮಾತಾಡು" ಅಂದರು. ಯಾಕೆಂದರೆ ಬಹುಮಾನದ ಪಟ್ಟಿ ಮಾಡುವ ದಿನ ಮಂಡಳಿ ಸಭೆಯಲ್ಲಿ ಹೆಚ್ಚು ಜಗಳ ಆಡಿದವನು ನಾನೇ. ಒಬ್ಬರು "ಅಂಕ ಇಲ್ಲದಿದ್ದರೆ ಓದಿ ಏನು ಬಂತು" ಅಂದರು. ಇನ್ನೊಬ್ಬರು "ಡಿಗ್ರಿ ಆದ ಮೇಲೆ ಅಂಕ ಯಾರು ಕೇಳ್ತಾರೆ ಬಿಡ್ರಿ" ಅಂದರು. ನನಗೆ ಎರಡೂ ಸರಿ ಕಾಣಲಿಲ್ಲ.

ಈ ಮಾತು ನಮಗೆ ಯಾಕೆ ಮುಖ್ಯ ಅಂತ ಮೊದಲು ಹೇಳ್ತೀನಿ. ನಮ್ಮ ಕೆಂಗೇರಿ ಕಡೆ ಈಗ ಹೊಲ ಎಷ್ಟು ಉಳಿದಿದೆ? ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಮೊದಲ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ ಬಂತು. ಸೂಲಿಕೆರೆ, ಕೊಮ್ಮಘಟ್ಟ, ರಾಮಸಂದ್ರದ ಕಡೆ ರಾಗಿ ಬೆಳೀತಿದ್ದ ಭೂಮಿಯಲ್ಲಿ ಈಗ ಸೈಟಿನ ಕಲ್ಲು ನಿಂತಿವೆ. ನಮ್ಮಪ್ಪ ನನಗೆ ಹೊಲ ಬಿಟ್ಟು ಹೋದರು. ನಾನು ಮಗನಿಗೆ ಬಿಟ್ಟು ಹೋಗೋದು ಒಂದು ಮಾರ್ಕ್ಸ್ ಕಾರ್ಡು, ನಾಲ್ಕು ಹಸು.

ಅಂಕ ಕೇಳುವ ಜಾಗ ಇವೆ, ಸುಳ್ಳಲ್ಲ. ಕಾಲೇಜಿಗೇ ಬರುವ ಎಷ್ಟೋ ಕಂಪನಿಗಳು ಹತ್ತನೇ ಕ್ಲಾಸು, ಪಿ.ಯು.ಸಿ., ಡಿಗ್ರಿ ಮೂರರಲ್ಲೂ ಶೇಕಡಾ 60 ಕೇಳ್ತವೆ, ಬ್ಯಾಕ್‌ಲಾಗ್ ಇರಬಾರದು ಅಂತವೆ. ಮುಂದೆ ಕಾಲೇಜು ಮೇಷ್ಟ್ರಾಗಬೇಕು ಅನ್ನೋರು ನೆಟ್ ಪರೀಕ್ಷೆ ಬರೆಯೋಕೆ ಎಂ.ಎ., ಎಂ.ಎಸ್ಸಿ.ಯಲ್ಲಿ ಶೇಕಡಾ 55 ಬೇಕು. ಮೀಸಲಾತಿ ಇದ್ದವರಿಗೆ 50. ಐವತ್ತನಾಲ್ಕೂವರೆ ಬಂದರೆ ಅದನ್ನು ಐವತ್ತೈದು ಅಂತ ಮಾಡಿಕೊಳ್ಳೋ ಹಾಗಿಲ್ಲ. ಗ್ರಾಮ ಲೆಕ್ಕಿಗರ ಕೆಲಸವನ್ನು ಹಿಂದೆ ಪಿ.ಯು.ಸಿ. ಅಂಕ ನೋಡಿಯೇ ಕೊಡ್ತಿದ್ದರು. 2024ರಲ್ಲಿ ಸಾವಿರ ಹುದ್ದೆಗೆ ಪರೀಕ್ಷೆ ಇಟ್ಟರು, ಹಳೇ ಅಂಕದ ಲೆಕ್ಕ ಹೋಯಿತು. ಇನ್ನು ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗೆ ಡಿಗ್ರಿ ಪಾಸಾಗಿದ್ದರೆ ಸಾಕು, ಎಷ್ಟು ಅಂಕ ಅಂತ ಕೇಳೋದಿಲ್ಲ.

(ಈಗಿನ ಕಾರ್ಡಿನಲ್ಲಿ ಸಿ.ಜಿ.ಪಿ.ಎ. 7.2 ಅಂತ ಬರೆದಿರ್ತಾರೆ. ನನ್ನ ಹೆಂಡತಿ ಅದನ್ನು ನೋಡಿ "ಇದು ಫ್ಯಾಟಾ, ಎಸ್.ಎನ್.ಎಫ್ಫಾ?" ಅಂತ ಕೇಳಿದಳು.)

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತಗೊಳ್ಳಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಬಂದರು. ಬೊಂಬಾಯಿ ಸರ್ಕಾರ ಕರೆದು ಸಹಾಯಕ ಇಂಜಿನಿಯರ್ ಕೆಲಸ ಕೊಟ್ಟಿತು. ಕಚೇರಿಯಲ್ಲಿ ಮಾವ, ಚಿಕ್ಕಪ್ಪ ಇಲ್ಲದ ಹುಡುಗನಿಗೆ ಬಾಗಿಲು ತೆಗೆಸಿದ್ದು ಆ ಅಂಕ. ಆದರೆ ಖಡಕ್ವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆಯುವ ಗೇಟು ಹಾಕಿದ್ದು ಇಪ್ಪತ್ತು ವರ್ಷ ಆದ ಮೇಲೆ, 1903ರಲ್ಲಿ. ಅದರಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಅಂತ ನೋಡಿದರೇ ಹೊರತು ಪುಣೆಯ ಅಂಕಪಟ್ಟಿ ತೆಗೆದು ನೋಡಲಿಲ್ಲ. ಪಟ್ಟಣದ ದೊಡ್ಡವರ ಮಕ್ಕಳಿಗಿಂತ ನಮ್ಮ ಮಕ್ಕಳಿಗೆ ಅಂಕ ಜಾಸ್ತಿ ಬೇಕು ಅಂತ ನಾನು ಹೇಳೋದು ಇದಕ್ಕೇ. ಅವರಿಗೆ ಫೋನ್ ಮಾಡಿ ಹೇಳೋರು ಇದ್ದಾರೆ, ನಮಗೆ ಇಲ್ಲ.

ಈಗ ನನ್ನ ಮನೆ ವಿಷಯ. ಸ್ವಾರ್ಥ ಅಂದುಕೊಂಡರೂ ಪರವಾಗಿಲ್ಲ. ನನ್ನ ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡಿದ. ಶೇಕಡಾ 58, ಎರಡು ಬ್ಯಾಕ್‌ಲಾಗ್ ಆಗಿ ಆಮೇಲೆ ಪಾಸಾದವು. ಕಂಪನಿಯವರು ಕಾಲೇಜಿಗೆ ಬಂದ ದಿನ ಅವನನ್ನು ಹಾಲಿನೊಳಕ್ಕೇ ಬಿಡಲಿಲ್ಲ. ಸಂಜೆ ಮನೆಗೆ ಬಂದವನಿಗೆ ನಾನು ಆಡಬಾರದ ಮಾತು ಆಡಿದೆ. ಅವತ್ತಿಂದ ಅವನು ಕ್ಯಾನು ಹಿಡಿದು ಡೈರಿಗೆ ಬರೋದು ಬಿಟ್ಟ. ಸಾಲಲ್ಲಿ ನಿಂತವರು "ಏನಪ್ಪಾ, ಕೆಲಸ ಆಯ್ತಾ?" ಅಂತ ಕೇಳ್ತಾರಲ್ಲ, ಅದಕ್ಕೆ.

ಆರು ತಿಂಗಳು ಅಲೆದು ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ ಹೋದ. ಅಲ್ಲಿ ಅರ್ಧ ದಿನ ಕೂರಿಸಿ ಡ್ರಾಯಿಂಗ್ ಮಾಡಿಸಿದರು, ಮಿಷನ್ ಮುಂದೆ ನಿಲ್ಲಿಸಿ ಅಳತೆ ತೆಗೆಸಿದರು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಫೈಲಿಗೆ ಹಾಕಿಕೊಂಡರು, ಅಷ್ಟೇ. ಮೂರು ವರ್ಷ ಆಯ್ತು, ಮತ್ತೆ ಯಾರೂ ಕೇಳಿಲ್ಲ. ಆದರೆ ಆ ಎರಡು ಪರ್ಸೆಂಟಿಗೆ ಬೆಲೆ ಕಟ್ಟಿದ್ದೇವೆ, ಮುಚ್ಚಿಡೋದಿಲ್ಲ. ಜೊತೆ ಹುಡುಗರಿಗೆ ಬಂದ ಸಂಬಳದ ಅರ್ಧಕ್ಕೆ ಸೇರಿದ, ಆ ಅಂತರ ಇನ್ನೂ ಪೂರ್ತಿ ಮುಚ್ಚಿಲ್ಲ.

ಆ ಬ್ಯಾಕ್‌ಲಾಗ್ ಯಾವಾಗ ಆದವು ಅನ್ನೋದು ನನಗೇ ತಡವಾಗಿ ಹೊಳೆಯಿತು. ಅವನ ತಾಯಿ ಆಪರೇಷನ್ ಆಗಿ ಮಲಗಿದ್ದ ಸೆಮಿಸ್ಟರ್ ಅದು. ಎರಡು ಹೊತ್ತೂ ನಾಲ್ಕು ಹಸು ಕರೆದವನು ಅವನೇ. ಕಾರ್ಯದರ್ಶಿಗಳು ಆ ವರ್ಷದ ರಿಜಿಸ್ಟರ್ ತೆಗೆದು ನೋಡಲಿ, ನಮ್ಮ ಮನೆಯಿಂದ ಒಂದು ಹೊತ್ತೂ ಹಾಲು ತಪ್ಪಿಲ್ಲ. ವಿಶ್ವವಿದ್ಯಾಲಯದ ಕಾರ್ಡಿನಲ್ಲಿ ಅದಕ್ಕೆ ಕಾಲಂ ಇಲ್ಲ. ನಮ್ಮ ಸಂಘದ ಪುಸ್ತಕದಲ್ಲಿ ಇದೆಯಲ್ಲ?

ಇವತ್ತು ಬಹುಮಾನ ಪಡೆಯುವ ಮಕ್ಕಳ ಅಂಕವನ್ನು ನಾನು ಕಡಿಮೆ ಮಾಡ್ತಿಲ್ಲ. ಅವರಿಗೆ ಚಪ್ಪಾಳೆ ಹೊಡೆಯೋರಲ್ಲಿ ಮೊದಲನೆಯವನು ನಾನು. ನನ್ನ ಕೋರಿಕೆ ಇಷ್ಟೇ. ಮನೆಯ ಹಾಲು ನಿಲ್ಲದ ಹಾಗೆ ನೋಡಿಕೊಂಡು ಡಿಗ್ರಿ, ಡಿಪ್ಲೊಮಾ ಮುಗಿಸಿದ ಮಕ್ಕಳಿಗೂ, ಅಂಕ ಎಷ್ಟೇ ಇರಲಿ, ಒಂದು ಬಹುಮಾನ ಇಡಬೇಕು. ಮುಂದಿನ ವಾರ್ಷಿಕ ಮಹಾಸಭೆಗೆ ಈ ಠರಾವು ತರ್ತೀನಿ. ಸದಸ್ಯರು ತಪ್ಪದೆ ಬಂದು ಕೈ ಎತ್ತಬೇಕು. ನನ್ನ ಮಗನದು ಮುಗಿದ ಕತೆ, ಅವನ ಹೆಸರು ಅದರಲ್ಲಿ ಸೇರಿಸೋದು ಬೇಡ. ಈಗ ಅವನು ಭಾನುವಾರ ಭಾನುವಾರ ಕ್ಯಾನು ಹಿಡಿದು ಡೈರಿಗೆ ಬರ್ತಾ ಇದ್ದಾನೆ.