ಟೈರು ನುಡಿಯುವ ಸಾಕ್ಷಿ

ಎತ್ತಿನ ಗಾಡಿಗಳು ಊರೂರಿನಲ್ಲೂ ಓಡಾಡುತ್ತಿದ್ದ ಕಾಲದಲ್ಲಿ, ಚಕ್ರದ ಕಬ್ಬಿಣದ ಹಳಿ ಒಂದೇ ಪಕ್ಕಕ್ಕೆ ಸವೆದುದನ್ನು ಕಂಡರೆ ಅನುಭವಸ್ಥನಾದ ಬಡಗಿ ಹಳಿಯನ್ನು ದೂರುತ್ತಿರಲಿಲ್ಲ. ಬಗ್ಗಿ ಅಚ್ಚನ್ನು ನೋಡುತ್ತಿದ್ದ. ಚಕ್ರವನ್ನು ಎರಡು ಕೈಗಳಿಂದಲೂ ಹಿಡಿದು ಅಲ್ಲಾಡಿಸುತ್ತಿದ್ದ. ಸವೆದದ್ದು ಹಳಿ, ಸವೆಸಿದ್ದು ಬೇರೊಂದು ಎಂಬುದು ಅವನಿಗೆ ತಿಳಿದಿತ್ತು. ಈಗ ನಮ್ಮ ಮನೆಗಳ ಮುಂದೆ ನಿಲ್ಲುವುದು ಕಾರು. ಕಬ್ಬಿಣದ ಜಾಗಕ್ಕೆ ರಬ್ಬರು ಬಂದಿದೆ. ಆದರೆ ಆ ಬಡಗಿಯ ವಿವೇಕ ನಮ್ಮೊಡನೆ ಬಂದಂತೆ ತೋರುವುದಿಲ್ಲ. ಟೈರು ಒಂದು ಕಡೆ ಸವೆದಿದೆ ಎಂದೊಡನೆ ನಾವು ಮಾಡುವ ಮೊದಲ ಕೆಲಸ ಹೊಸ ಟೈರು ಕೊಳ್ಳುವುದು; ಎರಡನೆಯದು, ಅದೂ ಬೇಗನೆ ಸವೆದಾಗ, ಅಂಗಡಿಯವನನ್ನು ಬಯ್ಯುವುದು.

ಕಾರು ನೆಲವನ್ನು ಮುಟ್ಟುವ ಜಾಗ ಎಷ್ಟೆಂಬುದನ್ನು ಮೊದಲು ಲೆಕ್ಕ ಹಾಕೋಣ. ಸಾವಿರ ಕಿಲೋ ತೂಗುವ ಚಿಕ್ಕ ಕಾರೊಂದರ ಭಾರವನ್ನು ಸಮನಾಗಿ ಹಂಚಿದರೆ ಒಂದೊಂದು ಚಕ್ರದ ಪಾಲಿಗೆ 250 ಕಿಲೋ ಬರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ 32 ಪೌಂಡು ಎಂದಿಟ್ಟುಕೊಂಡರೆ, ಅದು ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಭಾಗಿಸಿ ನೋಡಿದರೆ ಒಂದು ಟೈರು ನೆಲಕ್ಕೆ ತಾಗುವ ಜಾಗ ನೂರು ಚದರ ಸೆಂಟಿಮೀಟರಿನ ಆಸುಪಾಸು. ಹೆಚ್ಚು ಕಡಿಮೆ ಒಂದು ಅಂಗೈಯಷ್ಟು. ಹೆಂಡತಿ ಮಕ್ಕಳೊಡನೆ ನಾವು ಘಾಟಿಯ ತಿರುವಿನಲ್ಲಿ ಇಳಿಯುವಾಗ ರಸ್ತೆಗೂ ನಮಗೂ ಇರುವ ನಂಟು ನಾಲ್ಕು ಅಂಗೈಗಳಷ್ಟು ಮಾತ್ರ. ಆ ಅಂಗೈ ನೆಲದ ಮೇಲೆ ಸಮನಾಗಿ ಊರಿದೆಯೇ, ಇಲ್ಲವೇ ಎಂಬುದನ್ನು ಟೈರು ಪ್ರತಿ ಸುತ್ತಿನಲ್ಲೂ ತನ್ನ ಮೈಮೇಲೆ ಬರೆದುಕೊಳ್ಳುತ್ತ ಹೋಗುತ್ತದೆ. ಸವೆತವೆಂದರೆ ಈ ಬರಹವೇ.

ಅದನ್ನು ಓದುವುದು ಕಷ್ಟದ ವಿದ್ಯೆಯಲ್ಲ. ಟೈರಿನ ಎರಡು ಅಂಚುಗಳೂ ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಮೆಯಾಗಿತ್ತು ಎಂದರ್ಥ. ಟೈರು ಕುಸಿದು, ಅಂಚುಗಳ ಮೇಲೆ ಭಾರ ಹೊತ್ತಿದೆ. ನಡುಭಾಗ ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚಾಗಿತ್ತು. ಟೈರು ಉಬ್ಬಿ, ನಡುವಿನಲ್ಲಿ ಮಾತ್ರ ನೆಲ ಮುಟ್ಟಿದೆ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ಪೇಟೆಂಟು ಪಡೆದದ್ದು 1845ರಲ್ಲಿ. ಅದು ಮರೆತುಹೋದ ಮೇಲೆ, ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಅದನ್ನು ಮತ್ತೆ ಬಳಕೆಗೆ ತಂದ. ಅಂದಿನಿಂದ ಇಂದಿನವರೆಗೂ ಭಾರವನ್ನು ಹೊರುತ್ತಿರುವುದು ಮುಖ್ಯವಾಗಿ ಗಾಳಿ. ರಬ್ಬರು ಅದನ್ನು ಹಿಡಿದಿಟ್ಟಿರುವ ಚೀಲ. ಆದುದರಿಂದ ತನಿಖೆ ಯಾವಾಗಲೂ ಗಾಳಿಯಿಂದಲೇ ಆರಂಭವಾಗಬೇಕು. ಎಷ್ಟು ಗಾಳಿ ಬೇಕೆಂಬುದನ್ನು ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲೋ ಕಾರಿನೊಡನೆ ಕೊಟ್ಟ ಪುಸ್ತಕದಲ್ಲೋ ಬರೆದಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ಅದು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ನಾವು ತುಂಬಬೇಕಾದ ಪ್ರಮಾಣವಲ್ಲ. ಅಳೆಯುವುದೂ ಬೆಳಗಿನ ಹೊತ್ತು, ಕಾರು ಓಡುವುದಕ್ಕೆ ಮೊದಲು. ಓಡಿ ಬಿಸಿಯಾದ ಟೈರು ಸತ್ಯ ಹೇಳುವುದಿಲ್ಲ.

ಸವೆತ ಒಂದೇ ಅಂಚಿನಲ್ಲಿದ್ದರೆ ವಿಚಾರ ಬೇರೆ. ಆಗ ದೋಷ ಚಕ್ರದ ನಿಲುವಿನಲ್ಲಿದೆ. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರಬಹುದು. ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಒಳಕ್ಕೆ ಅತಿಯಾಗಿ ವಾಲಿದರೆ ಒಳ ಅಂಚು ಸವೆಯುತ್ತದೆ, ಹೊರಕ್ಕೆ ವಾಲಿದರೆ ಹೊರ ಅಂಚು. ಅಥವಾ, ಕಾರನ್ನು ಮೇಲಿನಿಂದ ನೋಡಿದಂತೆ ಕಲ್ಪಿಸಿಕೊಂಡರೆ, ಎರಡು ಚಕ್ರಗಳ ಮೂತಿಗಳು ಒಂದಕ್ಕೊಂದು ಸಮಾಂತರವಾಗಿರದೆ ಒಳಮುಖವಾಗಿಯೋ ಹೊರಮುಖವಾಗಿಯೋ ತಿರುಗಿರಬಹುದು. ಇದಕ್ಕೆ ಟೋ ಎಂದು ಹೆಸರು. ಕಾಲ್ಬೆರಳುಗಳನ್ನು ಒಳಕ್ಕೆ ತಿರುಗಿಸಿಕೊಂಡು ನಡೆಯುವವರ ನಡಿಗೆಯನ್ನು ನೆನೆದರೆ ಅರ್ಥವಾಗುತ್ತದೆ. ಚಕ್ರದ ಮೂತಿ ಮಿತಿಮೀರಿ ಒಳಕ್ಕಿದ್ದರೆ ಹೊರ ಅಂಚು, ಹೊರಕ್ಕಿದ್ದರೆ ಒಳ ಅಂಚು ತೇಯುತ್ತದೆ.

ಈ ಎರಡರ ವ್ಯತ್ಯಾಸವನ್ನು ಕಣ್ಣಿಗಿಂತ ಕೈ ಚೆನ್ನಾಗಿ ಹೇಳಬಲ್ಲುದು. ಟೈರಿನ ಮೈಮೇಲೆ ಅಂಗೈಯನ್ನು ಅಡ್ಡಲಾಗಿ, ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಸವರಬೇಕು. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಮತ್ತೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಒರಟಾಗಿಯೂ ಇದ್ದರೆ ದೋಷ ಟೋ ಕಡೆಯದು. ಎರಡು ದಿಕ್ಕಿನಲ್ಲೂ ನುಣುಪಾಗಿದ್ದು ಅಂಚು ಮಾತ್ರ ಇಳಿದಿದ್ದರೆ ಸಂಶಯ ಕ್ಯಾಂಬರ್ ಕಡೆಗೆ ತಿರುಗಬೇಕು. ಇನ್ನು ಟೈರಿನ ಸುತ್ತ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಚಕ್ರ ನೆಲದ ಮೇಲೆ ಕುಪ್ಪಳಿಸುತ್ತ ಓಡಿದೆ: ಶಾಕ್ ಅಬ್ಸಾರ್ಬರ್ ಸತ್ತಿರಬೇಕು, ಇಲ್ಲವೇ ಚಕ್ರದ ಬ್ಯಾಲೆನ್ಸ್ ತಪ್ಪಿರಬೇಕು. ಒಂದೇ ಕಡೆ ಚಪ್ಪಟೆಯಾಗಿದ್ದರೆ, ಎಂದೋ ಬ್ರೇಕು ಬಿಗಿಹಿಡಿದು ಚಕ್ರ ತಿರುಗದೆ ಜಾರಿದೆ.

ಇಷ್ಟು ಅಲ್ಪವಾದ ವಾರೆಯಿಂದ ಇಷ್ಟು ಹಾನಿಯೇ ಎಂದು ಕೇಳಬಹುದು. ಒಂದು ಚಕ್ರ ತಾನು ಸಾಗುವ ದಿಕ್ಕಿಗೆ ಕೇವಲ ಕಾಲು ಡಿಗ್ರಿ ಓರೆಯಾಗಿದೆ ಎನ್ನೋಣ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಒಂದು ಕಿಲೋಮೀಟರು ಓಡುವಷ್ಟರಲ್ಲಿ ಆ ಚಕ್ರ ನಾಲ್ಕು ಮೀಟರಿಗೂ ಹೆಚ್ಚು ದೂರ ಅಡ್ಡಕ್ಕೆ ಎಳೆಯಲ್ಪಡುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ನಾವು ಮೈಸೂರು ತಲುಪುವ ಹೊತ್ತಿಗೆ ಆ ಟೈರು ಆರುನೂರು ಮೀಟರು ಅಡ್ಡಡ್ಡಲಾಗಿ ಉಜ್ಜಿಸಿಕೊಂಡಿರುತ್ತದೆ. ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುವುದಕ್ಕೂ ಇದಕ್ಕೂ ಭೇದವಿಲ್ಲ. ಇಲ್ಲಿ ಗಂಧ ಬರುವುದಿಲ್ಲ, ಅಷ್ಟೆ.

ಲಕ್ಷಣವನ್ನು ಓದಿದ ಮಾತ್ರಕ್ಕೆ ಕಾರಣ ಸಿಕ್ಕಿತೆಂದು ತಿಳಿಯಬಾರದು. ನನ್ನ ಪರಿಚಿತರೊಬ್ಬರು ಹಾಸನದಿಂದ ಮಂಗಳೂರಿಗೆ ಆಗಾಗ ಶಿರಾಡಿ ಘಾಟಿಯ ಮೂಲಕ ಹೋಗಿಬರುವವರು. ಅವರ ಕಾರಿನ ಎಡಗಡೆಯ ಮುಂದಿನ ಟೈರಿನ ಒಳ ಅಂಚು ಸವೆಯತೊಡಗಿತು. ಟೈರು ಬದಲಿಸಿದರು, ಕೆಲವು ತಿಂಗಳಲ್ಲಿ ಮತ್ತೆ ಹಾಗೆಯೇ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರು. ಎರಡು ಸಲವೂ ಯಂತ್ರ ಕೊಟ್ಟ ಕಾಗದದಲ್ಲಿ ಅಂಕಿಗಳೆಲ್ಲ ಸರಿಯಾಗಿದ್ದವು. ಆದರೂ ಸವೆತ ನಿಲ್ಲಲಿಲ್ಲ. ಕೊನೆಗೆ ಹಳೆಯ ಮೆಕ್ಯಾನಿಕ್ ಒಬ್ಬರು ಕಾರಿನ ಕೆಳಗೆ ಮಲಗಿ, ಚಕ್ರವನ್ನು ಹಿಡಿದಿರುವ ಕೆಳತೋಳಿನ ಬುಷ್ಷನ್ನು ಸಣ್ಣ ಹಾರೆಯಿಂದ ಮೀಟಿ ನೋಡಿದರು. ಅದರ ರಬ್ಬರು ಹರಿದುಹೋಗಿತ್ತು. ಕಾರು ನಿಂತಿರುವಾಗ ಚಕ್ರ ಸಾಧುವಿನಂತೆ ನೆಟ್ಟಗಿರುತ್ತದೆ. ಬ್ರೇಕು ಒತ್ತಿದಾಗ, ಹಳ್ಳಕ್ಕೆ ಇಳಿದಾಗ ತೋಳು ಜರುಗಿ ಚಕ್ರ ಮೂತಿ ತಿರುಗಿಸುತ್ತದೆ. ಯಂತ್ರ ಅಳೆದದ್ದು ನಿಂತ ಕಾರನ್ನು. ಟೈರು ಸವೆದದ್ದು ಓಡುವ ಕಾರಿನಲ್ಲಿ. ಯಂತ್ರವೂ ಸುಳ್ಳು ಹೇಳಿರಲಿಲ್ಲ, ಟೈರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆ ಕೇಳಿದವರು ಒಬ್ಬ ಸಾಕ್ಷಿಯನ್ನು ಮಾತ್ರ ನಂಬಿದ್ದರು. ಬುಷ್ಷಿಗೆ ತಗಲಿದ ವೆಚ್ಚ ಒಂದು ಟೈರಿನ ಬೆಲೆಯನ್ನೂ ಮುಟ್ಟಲಿಲ್ಲ.

ಆದುದರಿಂದ ಈ ತನಿಖೆಗೆ ಒಂದು ಕ್ರಮ ಉಂಟು. ಮೊದಲು ಗಾಳಿ. ಅನಂತರ, ಯಾವ ಟೈರು ಎಲ್ಲಿ ಹೇಗೆ ಸವೆದಿದೆ ಎಂದು ನಾಲ್ಕನ್ನೂ ಹೋಲಿಸಿ ಬರೆದಿಟ್ಟುಕೊಳ್ಳುವುದು. ಟೈರುಗಳ ಸ್ಥಾನವನ್ನು ಅದಲುಬದಲು ಮಾಡಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಕಾರಣ ತಿಳಿಯುವುದಕ್ಕೆ ಮೊದಲೇ ಮಾಡಿಸಿದರೆ ಸಾಕ್ಷಿಗಳನ್ನು ಕಲಸಿದಂತಾಗುತ್ತದೆ, ದೋಷ ಮತ್ತೊಂದು ಟೈರನ್ನು ತಿನ್ನತೊಡಗುತ್ತದೆ. ಮೂರನೆಯದು ಸಡಿಲದ ಪರೀಕ್ಷೆ. ಕಾರನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗು, ಬಾಲ್ ಜಾಯಿಂಟುಗಳ ಸ್ಥಿತಿ ತಿಳಿಯುತ್ತದೆ. ಎಡಬಲಗಳಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ಟೀರಿಂಗಿನ ಟೈ ರಾಡುಗಳ ಸ್ಥಿತಿ. ಬುಷ್ಷು, ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಸರದಿ ಇದರ ಜೊತೆಗೇ. ಇದು ಬಲ್ಲ ಮೆಕ್ಯಾನಿಕ್ಕಿನ ಕೆಲಸ. ಆದರೆ ಮಾಡಿ ಎಂದು ಕೇಳುವುದು ನಮ್ಮ ಕೆಲಸ. ಇವೆಲ್ಲ ಗಟ್ಟಿಯಾಗಿವೆ ಎಂದಾದ ಮೇಲೆ, ಕಟ್ಟಕಡೆಗೆ ಅಲೈನ್‌ಮೆಂಟ್. ಅಲುಗಾಡುವ ಕೀಲುಗಳ ಮೇಲೆ ಅಲೈನ್‌ಮೆಂಟ್ ಮಾಡಿಸುವುದು ಸಡಿಲವಾದ ಮೊಳೆಗೆ ಗಡಿಯಾರ ತೂಗುಹಾಕಿ ನೆಟ್ಟಗೆ ಮಾಡಿದಂತೆ.

ಇದನ್ನು ಹಣದ ಪ್ರಶ್ನೆ ಎಂದಷ್ಟೇ ಭಾವಿಸಬಾರದು. ಹೊಸ ಟೈರಿನ ಕಾಲುವೆಗಳು ಏಳೆಂಟು ಮಿಲಿಮೀಟರು ಆಳ. ಮಳೆಗಾಲದಲ್ಲಿ ಚಕ್ರದಡಿಯ ನೀರನ್ನು ಹೊರಕ್ಕೆ ದೂಡುವುದು ಈ ಕಾಲುವೆಗಳೇ. ಕಾರಿನ ಟೈರಿನಲ್ಲಿ ಈ ಆಳ 1.6 ಮಿಲಿಮೀಟರಿಗಿಂತ ಕಡಮೆಯಾಗಕೂಡದೆಂದು ನಮ್ಮ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಾಲುವೆ ಸವೆದುಹೋದ ಟೈರು ನೀರಿನ ಪದರದ ಮೇಲೆ ತೇಲತೊಡಗಿದರೆ ಸ್ಟೀರಿಂಗು ತಿರುಗುತ್ತದೆ, ಕಾರು ತಿರುಗುವುದಿಲ್ಲ. ಒಳ ಅಂಚಿನ ಸವೆತ ಎಲ್ಲಕ್ಕಿಂತ ಅಪಾಯಕರವಾದುದು ಈ ಕಾರಣದಿಂದಲೇ. ಹೊರಗೆ ನಿಂತು ನೋಡುವವನಿಗೆ ಟೈರು ಹೊಸದರಂತೆ ಕಾಣುತ್ತದೆ. ಒಳಪಕ್ಕದಲ್ಲಿ ರಬ್ಬರು ಮುಗಿದು ಉಕ್ಕಿನ ತಂತಿ ಹಲ್ಲು ಕಿರಿಯುತ್ತಿರುತ್ತದೆ. ಕಾರು ತೊಳೆಯುವಾಗ ನಾವು ಒರೆಸುವುದು ಹೊರಗಿನ ಮೈಯನ್ನು. ಒಳಗಿನ ಅಂಚನ್ನು ನೋಡಬೇಕಾದರೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಎಂಜಿನ್ ನಿಲ್ಲಿಸಿ, ಮಂಡಿಯೂರಿ ಬಗ್ಗಬೇಕು. ಹಿಂದಿನ ಚಕ್ರಗಳಿಗೆ ಕೈಯನ್ನೇ ಒಳಕ್ಕೆ ಚಾಚಬೇಕು.

ತಿಂಗಳಿಗೊಮ್ಮೆ ಹಾಗೆ ಬಗ್ಗುವುದಕ್ಕೆ ಐದು ನಿಮಿಷ ಸಾಕು. ಗಾಳಿ ಅಳೆಯುವ ಚಿಕ್ಕ ಮಾಪಕ, ಒಂದು ಟಾರ್ಚು, ತೆರೆದ ಅಂಗೈ: ಇವಿಷ್ಟೇ ಸಲಕರಣೆ. ಸವೆದ ಟೈರನ್ನು ಅಂಗಡಿಯಲ್ಲಿ ಬಿಟ್ಟುಬರುವ ಮುನ್ನ ತಾವು ಅದನ್ನು ಒಮ್ಮೆ ತಿರುಗಿಸಿ, ಒಳಗಿನ ಅಂಚನ್ನೂ ಹೊರಗಿನ ಅಂಚನ್ನೂ ಸವರಿ ನೋಡಿರಿ. ಹೊಸ ಟೈರಿಗೆ ಏನು ಕಾದಿದೆ ಎಂಬುದನ್ನು ಹಳೆಯದು ಆಗಲೇ ಹೇಳಿ ಮುಗಿಸಿರುತ್ತದೆ.