ಬೀಗ ಜಡಿದರೆ ಕಂಪನಿ ಮುಚ್ಚಿದಂತಲ್ಲ
(ದೊಡ್ಡಬಳ್ಳಾಪುರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಮಾಲೀಕನು ಗೇಟಿಗೆ ಬೀಗ ಜಡಿದು ಹೋದನೆಂದ ಮಾತ್ರಕ್ಕೆ ಕಂಪನಿ ಸತ್ತಿತೆಂದು ನಾವು ಅಳುತ್ತ ಕೂರಬಾರದು. ಕಂಪನಿಯೆಂಬುದು ಕಾನೂನಿನ ಕೂಸು; ಸಾಯುವುದಕ್ಕೂ ಅದಕ್ಕೆ ಕಾನೂನಿನ ಅಪ್ಪಣೆ ಬೇಕು. 2013ರ ಕಂಪನಿ ಕಾಯಿದೆಯಂತೆ, ಬಾಕಿಗಳನ್ನೆಲ್ಲ ತೀರಿಸದೆ ಮಾಲೀಕರು ತಾವಾಗಿ ರಿಜಿಸ್ಟರಿನಿಂದ ಹೆಸರು ಹೊಡೆಸಿಕೊಳ್ಳುವಂತಿಲ್ಲ. ನಮ್ಮ ಕೂಲಿಯೂ ಬಾಕಿಯೇ.

ದಿವಾಳಿಯಾದರೋ? 2016ರ ದಿವಾಳಿ ಸಂಹಿತೆಯಲ್ಲಿ, ವಿಲೇವಾರಿಯ ಖರ್ಚು ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿಯು ಒತ್ತೆ ಬಿಟ್ಟುಕೊಟ್ಟ ಬ್ಯಾಂಕಿನ ಸಾಲದೊಡನೆ ಒಂದೇ ಪಂಕ್ತಿಯಲ್ಲಿ ಕೂರುತ್ತದೆ. ಈ ಪಂಕ್ತಿಯನ್ನು ಯಾರೂ ದಾನ ಕೊಡಲಿಲ್ಲ. ಕಂಪನಿ ವಿಸರ್ಜನೆಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕೆಂದು 1982ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಜವಳಿ ಕಾರ್ಮಿಕರ ಸಂಘವೊಂದು ಮೆಟ್ಟಿಲೇರಿದ್ದರಿಂದ.

ಲಿಕ್ವಿಡೇಟರನ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಹಕ್ಕು ಹೂಡಲು 30 ದಿನ. ಸಂಬಳದ ಚೀಟಿ ಕಾಪಾಡಿದವರು ನಮ್ಮಲ್ಲೆಷ್ಟು ಮಂದಿ? ಈ ರಾತ್ರಿಯೇ ಟ್ರಂಕು ತೆರೆದು ಹುಡುಕೋಣ. ನಾಳೆ ಸಂಜೆ ಸಂಘದ ಕಚೇರಿಗೆ ತರೋಣ.